ಬೀಗರು ಕೊಟ್ಟ ಕಾರು

ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಿಮ್ಮ ಗಾಡಿ ರಸ್ತಾದಾಗ ನಿಂದ್ರತದ, ಶೋರೂಮಿಗೆ ಒಯ್ದ್ರ ಮಾತ್ರ ಹೊಸ ಹೋರಿ ಹಂಗ ಓಡ್ತದ, ಹಿಂಗ ಯಾರಿಗಾದ್ರೂ ಆಗ್ಯದೇನು? "ನಮಗೇನೂ ತೊಂದ್ರಿ ಕಾಣ್ಲಿಲ್ರೀ, ನೀವು ಓಡಸೋದ್ರಾಗ ಏನರ ಹೆಚ್ಚುಕಮ್ಮಿ ಇರಬೇಕು" ಅಂತ ಮಾರಿ ಮ್ಯಾಲ ಹೇಳಿ ಕಳಿಸ್ಯಾರೇನು? ಮೊನ್ನಿ ನಮ್ಮ ಓಣಿಯವ್ರೊಬ್ರು ಹೊಸ ಗಾಡಿ ತಗೊಂಡು ಇದೇ ಗೋಳು ಹೇಳಾಕತ್ತಿದ್ರು. ಕೇಳ್ತಾ ಕೇಳ್ತಾ ನನಗ ಹಳೇದೆಲ್ಲಾ ಎದ್ದು ಬಂತು. ಬರದ್ಬಿಡೋಣ ಅಂತ ಕುಂತೀನಿ. ಕಡೀಗೆ ಎಲ್ಲಾ ಚಲೋ ಆತು ಅನ್ನೋ ಕಥಿ ಅಲ್ಲ, ಮೊದ್ಲೇ ಹೇಳಿಬಿಡ್ತೀನಿ.

ಎಂಬತ್ತರ ದಶಕ ಮುಗಿಯೋ ಹೊತ್ತು. ನಾ ಆಗ ಮಾನ್ವಿಯೊಳಗ ಒಬ್ಬ ಅಕ್ಕಿ ಮಿಲ್ ಸಾವ್ಕಾರ್ರ ಹತ್ರ ಡ್ರೈವರ್. ಮೊದಲು ಅವರ ಹಳೇ ಜೀಪು ಓಡಸ್ತಿದ್ದೆ. ಆ ವರ್ಷ ಸಾವ್ಕಾರ್ರು ತಮ್ಮ ಒಬ್ಬಳೇ ಮಗಳನ್ನ ರಾಯಚೂರಿಗೆ ಕೊಟ್ರು. ಬೀಗರದು ಕಾರು ಮಾರೋ ಶೋರೂಮು. ಮುಂದ ಶೋರೂಮು, ಹಿಂದ ರಿಪೇರಿ ಶೆಡ್ಡು, ಶೆಡ್ಡಿನ ಬಾಜೂಕ ಅವರ ಮನಿ.

ಆಗ ಹೊಸ ಕಾರು ಅಂದ್ರ ಮುಂಜಾನಿ ನೋಡಿ ಸಂಜಿಗೆ ಮನಿಗೆ ತರೋದಲ್ಲ. ಹೆಸರು ಹಚ್ಚಬೇಕು, ಪಾಳಿ ಕಾಯಬೇಕು, ವರ್ಷಗಟ್ಟಲೆ. ಬೀಗರು ಏನ್ ಮಾಡಿದ್ರು, ಮತ್ಯಾರದೋ ಪಾಳಿಗೆ ಬಂದ ಗಾಡಿನ ಪಾಳಿ ಮುರದು ನಮ್ಮ ಸಾವ್ಕಾರ್ರಿಗೆ ಕೊಟ್ರು. ಹಾಲಿನ ಬಣ್ಣದ ಪೆಟ್ರೋಲ್ ಕಾರು. ಸಾವ್ಕಾರ್ರು ಪೂರಾ ರೊಕ್ಕ ಕೊಟ್ಟೇ ತಗೊಂಡಿದ್ರು. ಆದ್ರೂ ಊರಾಗ ಅದಕ್ಕ 'ಬೀಗರು ಕೊಟ್ಟ ಕಾರು' ಅಂತನೇ ಹೆಸರು ಬಿತ್ತು. ಸಾವ್ಕಾರ್ರೂ ಹಂಗ ಅನಿಸ್ಕೊಂಡು ಮೀಸಿ ಸವರ್ಕೋತಿದ್ರು. ಗಾಡಿ ಬಂದ ದಿನ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ಟೆಂಗಿನಕಾಯಿ ಒಡದು, ಸ್ಟೇರಿಂಗಿಗೆ ವಿಭೂತಿ ಹಚ್ಚಿ ಓಡಿಸಿದೆ. ಏನ್ ಗಾಡಿ ಅಂತೀರಿ! ಜೀಪಿನ ಮ್ಯಾಲ ಕುಂತು ಕುಂತು ಬ್ಯಾಸತ್ತ ನನ್ನ ನಡಕ್ಕ ಆವತ್ತು ಸ್ವರ್ಗ ಸಿಕ್ಕಂಗ ಆತು.

ಶಿವರಾತ್ರಿ ಮುಗದು ಬಿಸಿಲು ಏರಾಕ ಶುರು ಆತು. ದೇವದುರ್ಗದಾಗ ಸಾವ್ಕಾರ್ರ ಅಣ್ಣ ಇದ್ರು. ಅವರ ಮನಿಗೆ ಒಂದಿನ ಮಧ್ಯಾಹ್ನ ಹೊಂಟಿದ್ವಿ. ಹಿಂದ ಸಾವ್ಕಾರ್ರು, ಅಮ್ಮಾವ್ರು. ಸಿರವಾರ ದಾಟಿ ಕಾಲುವಿ ಹತ್ರ ಬಂದಿದ್ದೇ ತಡ, ಇಂಜಿನ್ ಮಿಸ್ಸಿಂಗ್ ಹೊಡೀತು. ಕೆಮ್ಮಿದಂಗ ಎರಡು ಸಲ ಜಗ್ಗಿ, ನಿಂತ್ಬಿಟ್ಟಿತು. ಬಾನೆಟ್ ಎತ್ತಿದೆ. ಪೆಟ್ರೋಲ್ ಅದ, ಕರೆಂಟ್ ಬರ್ತದ, ನೀರು ಕಮ್ಮಿ ಆಗಿಲ್ಲ. ಸೆಲ್ಫ್ ಹೊಡದ್ರ ತಿರಗ್ತದ, ಹತ್ತಂಗಿಲ್ಲ.

"ಏನ್ ಮಾಡಿದ್ಯಲೇ?" ಅಂದ್ರು ಸಾವ್ಕಾರ್ರು.

ಗಾಡಿ ತಾನಾಗೇ ನಿಂತದ. ನಾ ಏನ್ ಮಾಡ್ಲಿ? ಆದ್ರ ನೋಡ್ರಿ, ಮೊದಲನೇ ಮಾತೇ ಹಂಗ ಬಂತು.

ಬೇವಿನ ಗಿಡದ ಕೆಳಗ ಕುಂತ್ವಿ. ಅರ್ಧ ತಾಸಿನ ಮ್ಯಾಲ ಸುಮ್ಮ ಒಮ್ಮೆ ಸೆಲ್ಫ್ ಹೊಡದೆ, ಗಪ್ಪನ ಹತ್ತಿತು. ದೇವದುರ್ಗ ಮುಟ್ಟೋತನ ಒಂದು ಸದ್ದಿಲ್ಲ.

ಮರುದಿನ ಸಾವ್ಕಾರ್ರು, "ರಾಯಚೂರಿಗೆ ಹೋಗಿ ತೋರಿಸ್ಕೊಂಡು ಬಾ" ಅಂದ್ರು. ನಾ ಚಾವಿ ತಗೊಂಡು ಹೊಂಟೆ. "ಏ, ನಿಂದ್ರಲೇ. ಬೀಗರ ಮನಿಗೆ ಬರಿಗೈಲೆ ಹೋಗ್ತಿಯೇನು?" ಡಿಕ್ಕಿಯೊಳಗ ಮಿಲ್ಲಿನ ಹೊಸ ಅಕ್ಕಿ ಚೀಲ ಬಿತ್ತು. ಅಮ್ಮಾವ್ರು ಒಂದು ಡಬ್ಬಿ ಹೋಳಗಿ ಕೊಟ್ರು. ಸಾವ್ಕಾರ್ರು ಕಿಡಕಿಗೆ ಬಗ್ಗಿ ಮತ್ತೊಂದು ಮಾತು ಹೇಳಿದ್ರು: "ಗಾಡಿ ಕೆಟ್ಟದ ಅನಬ್ಯಾಡ. ಒಂಚೂರು ನೋಡ್ರಿ ಅಂದಾರ ಅನ್ನು."

ಇಲ್ಲೇ ಬುಡಕ್ಕ ಹುಳ ಬಿತ್ತು. ತಕರಾರು ಹೇಳಾಕ ಹೋದವ ಅಕ್ಕಿ ಚೀಲ ಹೊತ್ಕೊಂಡು ಹೋದ್ರ, ಆ ತಕರಾರಿಗೆ ಏನ್ ಕಿಮ್ಮತ್ತು ಇರ್ತದ?

ರಾಯಚೂರು ಮುಟ್ಟಿದಾಗ ಹೊತ್ತು ನೆತ್ತಿಗೆ ಬರಾಕತ್ತಿತ್ತು. ಶೋರೂಮಿನ ಸಾಹುಕಾರ್ರು, ಅಂದ್ರ ಬೀಗರು, ಬಿಳಿ ಧೋತ್ರದಾಗ ಹೊರಗ ಬಂದ್ರು. ಅಕ್ಕಿ ಕಂಡು ಮಾರಿ ಅರಳಿತು. "ಬರ್ರಿ ಬರ್ರಿ, ಬೀಗರ ಊರಿಂದ ಬಂದವ್ರು! ಮೊದ್ಲು ಊಟ. ಗಾಡಿ ಎಲ್ಲಿ ಓಡಿ ಹೋಗ್ತದ?" ಒಳಗ ನಮ್ಮ ಸಾವ್ಕಾರ್ರ ಮಗಳು ಇದ್ರು. ನಾ ಅವರಿಗೆ ಅಕ್ಕಾರು ಅಂತಿದ್ದೆ. ತವರುಮನಿ ಸುದ್ದಿ ಒಂದೊಂದೇ ಕೇಳ್ತಾ ರೊಟ್ಟಿ ಮ್ಯಾಲ ರೊಟ್ಟಿ ಹಾಕಿದ್ರು. ಶೆಡ್ಡಿನ ಮಂದಿನೂ ಆ ಹೊತ್ತಿನ್ಯಾಗ ಬುತ್ತಿ ಬಿಚ್ಚಿ, ಉಂಡು, ಒಂದು ಸಣ್ಣ ನಿದ್ದಿ ತಗಿಯೋರು. ರಾಯಚೂರು ಬಿಸಿಲಿನ್ಯಾಗ ಮಧ್ಯಾಹ್ನ ಯಾರು ಸ್ಪ್ಯಾನರ್ ಹಿಡಿತಾರ್ರಿ? ಸ್ಪ್ಯಾನರ್ ಮುಟ್ಟಿದ್ರ ಕೈ ಸುಡ್ತಿತ್ತು.

ಸಂಜಿ ತಂಪಿನ್ಯಾಗ ಶೆಡ್ಡಿನ ಫೋರ್‌ಮನ್ ಎದ್ದು ಬಂದ. ನಡುವಯಸ್ಸಿನ ಸಾಬರು, ಕಮ್ಮಿ ಮಾತು. ಪ್ಲಗ್ಗು ಬದಲಿ ಮಾಡಿದ. ಯರಗೇರಾ ತನ ಟ್ರಯಲ್ ಹೊಡದು ಬಂದ. "ಬೆಣ್ಣಿ ಅದ ಭಾಯ್, ಬೆಣ್ಣಿ." ಹೊತ್ತು ಮುಳುಗೋ ಮುಂದ ನಾ ಮಾನ್ವಿಗೆ ಹೊಳ್ಳಿದೆ. ಖರೇನೇ, ಬೆಣ್ಣಿ ಹಂಗ ಓಡಿತು.

"ನೋಡಿದೇನು ಬೀಗರ ಕೈಗುಣ?" ಅಂದ್ರು ಸಾವ್ಕಾರ್ರು.

ಕೈಗುಣ ಮುಂದಿನ ಮಧ್ಯಾಹ್ನದ ತನ ಉಳೀತು.

ಆಮ್ಯಾಲ ಇದೇ ಹಾಡು. ಮಧ್ಯಾಹ್ನ ನಿಂದ್ರೋದು, ಮರುದಿನ ರಾಯಚೂರು. ಅಕ್ಕಿ ಇಲ್ಲಂದ್ರ ಕುಸುಬಿ ಎಣ್ಣಿ, ಎಣ್ಣಿ ಇಲ್ಲಂದ್ರ ಶೇಂಗಾ ಚೀಲ. ಊಟ, ನಿದ್ದಿ, ಸಂಜಿ ಟ್ರಯಲ್. ಒಂದು ಸಲ ಕಾಯಿಲ್ ಬದಲಿ. ಇನ್ನೊಂದು ಸಲ ಕಂಡೆನ್ಸರು, ಪಾಯಿಂಟು. ಮತ್ತೊಂದು ಸಲ ಕಾರ್ಬೋರೇಟರ್ ಬಿಚ್ಚಿ ಪೆಟ್ರೋಲಿನ್ಯಾಗ ತೊಳದು ಹಾಕಿದ್ರು. ಟ್ಯಾಂಕ್ ಇಳಿಸಿ ಕಸ ತಗದ್ರು, ಒಳಗ ಕಸ ಇರಲೇ ಇಲ್ಲ. ನನ್ನ ಕಡೆಯಿಂದ ಹೋಗೋ ಪ್ರತಿ ಮಾತಿಗೂ ಬೀಗರದು ಒಂದೇ ಉತ್ತರ: "ನಮ್ಮ ಹತ್ರ ಒಮ್ಮೆನೂ ನಿಂತಿಲ್ಲಪಾ."

"ಮಧ್ಯಾಹ್ನ ಓಡಿಸಿ ನೋಡ್ರಿ ಯಪ್ಪಾ" ಅಂದೆ.

"ಮಧ್ಯಾಹ್ನ ಉಣ್ಣದಂಗ ಬೀಗರ ಮನಿ ಮಂದಿನ ಓಡಸಾಕ ಹಚ್ಚಿದ್ರ ನಮ್ಮ ಮರ್ಯಾದಿ ಏನಾಗಬೇಕು?" ಅಂತ ನಕ್ಕರು. ಇದಕ್ಕ ಏನಂತೀರಿ?

ಮಿಲ್ಲಿನ ಹಮಾಲರು ನನ್ನ ಕಂಡ್ರ ಸಾಕು. "ಏನಪಾ, ಇವತ್ತು ಗಾಡಿಗೆ ಎಷ್ಟು ಅಕ್ಕಿ ತಿನ್ನಿಸಿ ಬಂದಿ?" "ಪೆಟ್ರೋಲ್ ಬ್ಯಾಡಲೇ ಅದಕ್ಕ, ಹೋಳಗಿ ಹಾಕು, ಓಡ್ತದ!" ನಾನೂ ನಗ್ತಿದ್ದೆ. ಮೊದಮೊದಲು.

ಗಾಡಿ ಕಾದಾಗ ನಿಂದ್ರತದ, ಆರಿದಾಗ ಹತ್ತತದ, ಇದು ಕುರಿ ಕಾಯೋವಗೂ ತಿಳೀತಿತ್ತು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಎಳ್ಯೋ ಪಂಪು ಕೈ ಇಡಲಾರದಷ್ಟು ಕಾದಿರ್ತಿತ್ತು. ಹಳೇ ಡ್ರೈವರ್ ಒಬ್ರು, "ಪಂಪಿನ ಮ್ಯಾಲ ಒದ್ದಿ ಅರವಿ ಹಾಕ್ಕೊಂಡು ಓಡಿಸು" ಅಂದ್ರು. ಹಾಕಿದೆ. ನಡೀತು, ಅರವಿ ಒಣಗೋತನ. ಒಂದಿನ ಸಿರವಾರ ಸಂತಿ ನಡುವ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಅರವಿಗೆ ನೀರು ಹೊಡಿಯಾಕತ್ತಿದ್ದೆ. ಸಾವ್ಕಾರ್ರ ಮಾರಿ ಕೆಂಪಾತು.

"ಹೊಸ ಗಾಡಿಗೆ ಜ್ವರ ಬಂದವರಂಗ ಒದ್ದಿ ಅರವಿ ಹಾಕ್ತೀಯಲ್ಲ, ನಾಕು ಮಂದಿ ನೋಡಾಕತ್ತಾರ. ನಾಳೆ ಈ ಸುದ್ದಿ ಬೀಗರ ಕಿವಿಗೆ ಬಿದ್ರ? ತಗಿ ಅದನ್ನ!"

ತಗದೆ. ಆವತ್ತಿಂದ ಅರವಿನೂ ಇಲ್ಲ.

ಇಷ್ಟಾಗೋ ಹೊತ್ತಿಗೆ ಬೀಗರಿಗೂ ಬ್ಯಾಸರಾಗಿತ್ತು. ಪಾಳಿ ಮುರದು ಉಪಕಾರ ಮಾಡಿ ಕೊಟ್ಟ ಗಾಡಿ, ಅದರಾಗ ಹುಳುಕು ಹುಡುಕ್ತಾರಂತ ಸಿಟ್ಟು. ದಾನದ ಎಮ್ಮಿ ಹಲ್ಲು ಎಣಿಸಿದಂಗ ಆತಲ್ಲ ಅಂತ ಯಾರ ಮುಂದೋ ಅಂದ್ರಂತ. ಒಂದಿನ ಮಾನ್ವಿಗೆ ಫೋನ್ ಹಚ್ಚಿ ನಮ್ಮ ಸಾವ್ಕಾರ್ರಿಗೆ ಹೇಳಿದ್ರು: "ಗಾಡಿ ಬಂಗಾರ ಅದ್ರಿ ಬೀಗ್ರ. ನಿಮ್ಮ ಡ್ರೈವರ್ ಜೀಪು ಓಡಿಸಿದವ, ಕ್ಲಚ್ ಮ್ಯಾಲ ಕಾಲಿಟ್ಕೊಂಡು ಓಡಸ್ತಾನ. ಅದಕ್ಕ ಇಂಜಿನ್ ಕಾಯ್ತದ."

ಸಾವ್ಕಾರ್ರು ಅವತ್ತಿಂದ ಹಿಂದಿನ ಸೀಟು ಬಿಟ್ಟು ಮುಂದ ಕುಂದ್ರಾಕ ಶುರು ಮಾಡಿದ್ರು. ರಸ್ತಾ ನೋಡ್ತಿರಲಿಲ್ಲ. ನನ್ನ ಎಡಗಾಲು ನೋಡ್ತಿದ್ರು.

ಎಡಗಾಲು ನೋಡಿಸ್ಕೊಂಡು ಗಾಡಿ ಓಡಿಸಿದ್ದೀರೇನ್ರಿ ನೀವು? ಪಾದಕ್ಕ ಬೆವರು ಬರ್ತದ ಅಂತ ನನಗ ಆಗ ಗೊತ್ತಾತು.

ಸುದ್ದಿ ಊರಾಗ ಹಬ್ಬಿತು. ಮಾನ್ವಿ ಬಸ್ ಸ್ಟ್ಯಾಂಡಿನ ಹತ್ರ ಉಳಿದ ಡ್ರೈವರ್‌ಗಳು ನನಗ 'ನಿಲ್ಲಸೋ ಡ್ರೈವರ್' ಅಂತ ಹೆಸರಿಟ್ರು. ನಗಾಕ ಹೇಳ್ತಿದ್ರು ಖರೆ, ಆದ್ರ ಮಾನ್ವಿಯಂಥ ಊರಾಗ ಕಾರು ಇಟ್ಟವ್ರು ಬೆರಳಿನ ಮ್ಯಾಲ ಎಣಿಸೋವಷ್ಟು ಮಂದಿ. ಅವರೆಲ್ಲಾ ಒಬ್ರಿಗೊಬ್ರು ಮಾತಾಡ್ತಾರ. ಹೊಸ ಗಾಡಿ ಕೆಡಿಸಿದವ ಅನ್ನೋ ಮಾತು ಒಮ್ಮೆ ಅಂಟಿತು ಅಂದ್ರ ಯಾರೂ ಚಾವಿ ಕೈಗೆ ಕೊಡಂಗಿಲ್ಲ. ನನಗ ಬೇರೆ ಕಸುಬು ಬರ್ತಿದ್ದಿಲ್ಲ.

ಅದಕ್ಕ ನಾ ಒಂದು ನಿರ್ಧಾರ ಮಾಡಿದೆ. ಶೆಡ್ಡಿನವ್ರ ಕಣ್ಣ ಮುಂದನೇ ಈ ಗಾಡಿ ಮಧ್ಯಾಹ್ನ ಸಾಯಬೇಕು. ಅದಕ್ಕ ಅಡ್ಡ ಬರೋದು ಊಟ. ಊಟ ತಪ್ಪಿಸೋದು ಹೆಂಗ? ಬ್ಯಾಡ ಅಂದ್ರ ಬೀಗರಿಗೆ ಅವಮಾನ. ಆಗ ರಮಜಾನ್ ತಿಂಗಳು ನಡದಿತ್ತು. ಫೋರ್‌ಮನ್ ರೋಜಾ ಇರ್ತಾನ, ಮಧ್ಯಾಹ್ನ ಬುತ್ತಿ ಬಿಚ್ಚಂಗಿಲ್ಲ. ನಂದು ಸೋಮವಾರ ಒಪ್ಪತ್ತು, ರಾತ್ರಿನೇ ಊಟ. ಉಪವಾಸ ಇದ್ದವಗ ಉಣ್ಣು ಅನ್ನಾಕ ಯಾವ ಬೀಗರಿಗೂ ಬಾಯಿ ಬರಂಗಿಲ್ಲ. ಸೋಮವಾರ ನೋಡಿ ಹೊಂಟೆ.

ಬೀಗರು ಊಟಕ್ಕ ಕರದ್ರು. "ಸೋಮವಾರ್ರಿ ಯಪ್ಪಾ" ಅಂದೆ. ಬಾಯಿ ಮುಚ್ಚಿದ್ರು. ಅವರು ಉಣ್ಣಾಕ ಒಳಗ ಹೋಗಿದ್ದೇ ಫೋರ್‌ಮನ್ ಹತ್ರ ಹೋದೆ. ನೆರಳಿಗೆ ಗ್ವಾಡಿಗೆ ಆನ್ಕೊಂಡು ಕಣ್ಣು ಮುಚ್ಚಿದ್ದ.

"ಉಸ್ತಾದ್, ನೀವೂ ಉಪಾಸ, ನಾನೂ ಉಪಾಸ. ಬರ್ರಿ, ಒಂದು ರೌಂಡ್ ಹೋಗಿ ಬರೋಣ."

"ಈ ಬಿಸಿಲಿನ್ಯಾಗ? ಹುಚ್ಚು ಹಿಡದದೇನು? ನಕ್ಕೋ ಭಾಯ್, ಬ್ಯಾಡ."

"ನನ್ನ ನೌಕರಿ ಹೋಗಾಕತ್ತದ ಉಸ್ತಾದ್."

ಕಣ್ಣು ತಗದು ನನ್ನ ಮಾರಿ ನೋಡಿದ. ಎದ್ದ. ಚಾವಿ ತಾನೇ ಇಸ್ಕೊಂಡ, ಸ್ಟೇರಿಂಗ್ ಹಿಂದ ತಾನೇ ಕುಂತ. ನನಗ ಇನ್ನೂ ಚಲೋ ಆತು. ಇವತ್ತು ಕ್ಲಚ್ ಮ್ಯಾಲ ಇರೋದು ಅವನ ಕಾಲು.

ಕಲ್ಲೂರು ದಾರಿ ಹಿಡದ್ವಿ. ಡಾಂಬರು ಕರಗಿ ಗಾಲಿಗೆ ಅಂಟಿ ಚರ್ ಚರ್ ಅನ್ನಾಕತ್ತಿತ್ತು. ಎದುರಿಗೆ ಒಂದು ಬಸ್ಸಿಲ್ಲ, ಒಂದು ನಾಯಿ ಇಲ್ಲ. ಹೊಸ ಗಾಡಿ ನಿಲ್ಲಲಿ ಅಂತ ದೇವರಿಗೆ ಬೇಡ್ಕೊಂಡ ಡ್ರೈವರ್ ನಾ ಒಬ್ಬನೇ ಇರಬೇಕು. ಕಲ್ಲೂರು ಇನ್ನೂ ದೂರ ಇತ್ತು, ಇಂಜಿನ್ ಕೆಮ್ಮಿತು. ಒಂದು ಸಲ. ಎರಡು ಸಲ. ನಿಂತಿತು.

ಫೋರ್‌ಮನ್ ಹ್ಯಾಂಡ್‌ಬ್ರೇಕ್ ಎಳದ. ಇಳದ. ಬಾನೆಟ್ ಎತ್ತಿದ. ಪೆಟ್ರೋಲ್ ಪೈಪು ಬಿಚ್ಚಿ ಸೆಲ್ಫ್ ಹೊಡಿ ಅಂದ. ಪೆಟ್ರೋಲ್ ಬರಲಿಲ್ಲ, ಬರೇ ಆವಿ ಬುಸ್ ಅಂತು. ಕೆಳಗ ಬಗ್ಗಿ ಬಾಳ ಹೊತ್ತು ನೋಡಿದ.

"ನೀರು ಅದ?"

ಬಾಟ್ಲಿ ಕೊಟ್ಟೆ. ತುಟಿ ಒಡದಿದ್ದವು ಅವನವು. ಕುಡಿಯಂಗಿಲ್ಲ, ಗೊತ್ತು. ಹೆಗಲ ಮ್ಯಾಲಿನ ಅರವಿ ಪಂಪಿಗೆ ಸುತ್ತಿ ಅಷ್ಟೂ ನೀರು ಅದರ ಮ್ಯಾಲ ಸುರದ. ಚುಂಯ್ ಅಂತು. ಒಪ್ಪತ್ತಿನ್ಯಾಗ ನಾ ನೀರು ಕುಡಿಬಹುದಿತ್ತು, ಗಂಟ್ಲು ಒಣಗಿ ಕಟಿಗಿ ಆಗಿತ್ತು. ಆದ್ರ ಮೊದಲು ಗಾಡಿ ಕುಡೀಲಿ ಅಂತ ಸುಮ್ಮ ನಿಂತೆ. ಸ್ವಲ್ಪ ಹೊತ್ತಿಗೆ ಹತ್ತಿತು.

"ನಿಂದು ತಪ್ಪಿಲ್ಲ ಭಾಯ್" ಅಂದ. "ಪಂಪೇ ಸರಿ ಇಲ್ಲ. ಪೆಟ್ರೋಲ್ ಪೈಪೂ ಸೈಲೆನ್ಸರ್ ಪೈಪಿಗೆ ತಾಗೋಹಂಗ ಬಂದದ. ಕಂಪನಿಯಿಂದನೇ ಹಿಂಗ ಬಂದದ."

ನನಗ ಅಳು ಬಂದಂಗ ಆತು. "ಹಂಗಾದ್ರ ಕಂಪನಿಗೆ ಬರೀರಿ, ಬದಲಿ ತರಸ್ರಿ!"

"ಬರದ್ರ ಗಾಡಿ ನಂಬರ್ ಬರೀಬೇಕು. ನಂಬರ್ ನೋಡಿದ್ರ ಇದು ಯಾರ ಪಾಳಿ ಗಾಡಿ, ಯಾರಿಗೆ ಹೋತು ಅಂತ ಕೇಳ್ತಾರ. ನಮ್ಮ ಸಾಹುಕಾರ್ರು ಬರಿಯಾಕ ಬಿಡ್ತಾರೇನು?" ಮಾರಿ ಒರಸ್ಕೊಂಡ. "ಅದಕ್ಕ ಅದೊಂದು ಬಿಟ್ಟು ಉಳದದ್ದೆಲ್ಲಾ ಬದಲಿ ಮಾಡು ಅಂತ ನನಗ ಹೇಳ್ಯಾರ."

ಅಂದ್ರ ಇಷ್ಟು ದಿನ ರಿಪೇರಿ ಅಂತ ನಡದದ್ದು ರಿಪೇರಿ ಮಾಡದೇ ಇರೋ ಕೆಲಸ.

"ಬರಿಯೋದು ಬ್ಯಾಡ. ನಮ್ಮ ಸಾವ್ಕಾರ್ರ ಮುಂದ ಬಾಯಿಲೆ ಒಂದು ಮಾತು ಹೇಳ್ರಿ ಉಸ್ತಾದ್. ಡ್ರೈವರ್‌ದು ತಪ್ಪಲ್ಲ ಅಂತ. ಅಷ್ಟೇ."

ಬಾನೆಟ್ ಇಳಿಸಿದ. "ನನಗೂ ಮಕ್ಕಳವ. ನಾನಾಗಿ ಹೇಳಂಗಿಲ್ಲ. ಆದ್ರ ರೋಜಾದಾಗ ಇದ್ದೀನಿ, ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳ್ತೀನಿ, ಅವರು ಕರದು ಕೇಳಿದ್ರ ಸುಳ್ಳು ಹೇಳಂಗಿಲ್ಲ. ಕೇಳಬೇಕು ಅಷ್ಟೇ."

ಅಷ್ಟು ಸಾಕು ನನಗ ಅಂದೆ.

ರಮಜಾನ್ ಹಬ್ಬ ಮುಗದ ಮ್ಯಾಲ ಸಾವ್ಕಾರ್ರು ಮಗಳನ್ನ ನೋಡಾಕ ರಾಯಚೂರಿಗೆ ಹೊಂಟ್ರು. ಮುಂಜಾನಿ ತಂಪಿನ್ಯಾಗ ಹೋದ್ವಿ, ಗಾಡಿ ತಕರಾರು ಮಾಡಲಿಲ್ಲ. ಬೀಗರ ಪಡಸಾಲಿಯೊಳಗ ಇಬ್ರೂ ಕುಂತ್ರು. ಮಾತು ಗಾಡಿಗೆ ಬಂತು. "ಡ್ರೈವರ್ ಬದಲಿ ಮಾಡಿ ನೋಡ್ರಿ ಬೀಗ್ರ" ಅಂದ್ರು ಶೋರೂಮಿನ ಸಾಹುಕಾರ್ರು, ನಾ ಬಾಗಲದಾಗ ನಿಂತಾಗೇ.

ಸುಮ್ಮಿರಾಕ ಆಗಲಿಲ್ಲ. "ಯಪ್ಪಾ, ಸಣ್ಣ ಬಾಯಿಲೆ ದೊಡ್ಡ ಮಾತು. ಕಲ್ಲೂರು ದಾರ್ಯಾಗ ಗಾಡಿ ನಿಂತಾಗ ನಾ ಓಡಸ್ತಿದ್ದಿಲ್ಲ. ಫೋರ್‌ಮನ್ ಓಡಸ್ತಿದ್ರು. ಅಲ್ಲೇ ನಿಂತಾರ ನೋಡ್ರಿ. ಕರದು ಕೇಳ್ರಿ."

ಕಿಡಕ್ಯಾಗಿಂದ ಶೆಡ್ಡು ಕಾಣ್ತಿತ್ತು. ಫೋರ್‌ಮನ್ ಕೈಯಾಗ ಎಣ್ಣಿ ಮೆತ್ತಿದ ಅರವಿ ಹಿಡ್ಕೊಂಡು ಈ ಕಡೆನೇ ನೋಡಾಕತ್ತಿದ್ದ. ಒಂದು ಕೂಗು ಸಾಕಿತ್ತು. ಸಾವ್ಕಾರ್ರು ಆ ಕಡೆ ತಿರುಗಿದ್ರು ಕೂಡ. ಬಾಯಿ ತಗದ್ರು.

ಅಷ್ಟರಾಗ ಅಕ್ಕಾರು ಮಾವಿನಹಣ್ಣಿನ ಸೀಕರಣಿ ಬಟ್ಟಲ ತಂದ್ರು. ಎಲ್ಲಾ ಕೇಳಿಸ್ಕೊಂಡೇ ಬಂದಿದ್ರು. ಬಟ್ಟಲ ಇಟ್ಟು, ತಲಿ ಎತ್ತಿ ಅಪ್ಪನ ಮಾರಿ ನೋಡಿದ್ರು. ಪಾಪ, ನೋಡಿದ್ರು ಅಷ್ಟೇ. ನಾಳೆ ಆ ಮನಿಯೊಳಗ ರೊಟ್ಟಿ ಬಡಿಬೇಕಾದವರು ಅವರೇ ಅಲ್ಲ?

ಸಾವ್ಕಾರ್ರು ಬಾಯಿ ಮುಚ್ಚಿದ್ರು. ಕಿಡಕಿ ಕಡೆಯಿಂದ ಮಾರಿ ತಿರುವಿದ್ರು. "ಮನಿ ಮಂದಿ ನಡುವ ಸಾಕ್ಷಿ ಯಾಕ್ರೀ" ಅಂದ್ರು. "ಆತು ಬಿಡ್ರಿ, ನೀವು ಹೇಳಿದಂಗ ಆಗ್ಲಿ."

ಸೀಕರಣಿ ನನಗೂ ಒಂದು ಬಟ್ಟಲ ಕೊಟ್ರು. ಕುಡದೆ. ಬ್ಯಾಡ ಅನ್ನಾಕ ಅವತ್ತು ಸೋಮವಾರ ಇರಲಿಲ್ಲ.

ಹೊಳ್ಳಿ ಬರೋ ಮುಂದ ನಡು ಮಧ್ಯಾಹ್ನ. ಕಲ್ಲೂರು ದಾಟಿ ಗಾಡಿ ನಿಂತಿತು. ಸಾವ್ಕಾರ್ರು ನನ್ನ ಎಡಗಾಲು ನೋಡಲಿಲ್ಲ ಅವತ್ತು. ಇಳದು ಜಾಲಿ ಗಿಡದ ಕೆಳಗ ಕಲ್ಲಿನ ಮ್ಯಾಲ ಕುಂತ್ರು. ನನ್ನನ್ನೂ ಕುಂದ್ರು ಅಂದ್ರು.

"ನಿಂದು ತಪ್ಪಿಲ್ಲ ಅಂತ ನನಗ ಗೊತ್ತದಲೇ."

ನಾ ಚಪ್ಪಲಿಗೆ ಅಂಟಿದ ಡಾಂಬರು ಕಡ್ಡಿಲೆ ಕೆರದೆ.

"ಗಾಡಿ ಕೆಟ್ಟದ ಅಂದ್ರ ಬೀಗರದು ತಪ್ಪಾಗ್ತದ. ಡ್ರೈವರ್ ಕೆಟ್ಟವ ಅಂದ್ರ ಯಾರದೂ ತಪ್ಪಾಗಂಗಿಲ್ಲ."

ಯಾರದೂ ಅಂದ್ರು. ಕೇಳಿಸ್ಕೊಂಡ್ರಲ್ಲ? ನಾ ಅವರ ಬಾಜೂಕನೇ ಕುಂತಿದ್ದೆ.

"ಮಿಲ್ಲಿನ್ಯಾಗ ಇರ್ತಿಯೇನು? ಚೀಲ ಎಣಿಸು" ಅಂದ್ರು. ಬ್ಯಾಡ್ರಿ ಅಂದೆ. ಗಾಡಿ ಆರಿತು, ಹತ್ತಿತು. ಅವರನ್ನ ಮನಿ ಮುಟ್ಟಿಸಿ, ಗಾಡಿ ತೊಳದು, ಒಣಾ ಅರವಿಲೆ ಒರಸಿ, ಚಾವಿ ಅಮ್ಮಾವ್ರ ಕೈಯಾಗ ಕೊಟ್ಟು ಬಂದೆ.

ಮಾನ್ವಿಯೊಳಗ ನನಗ ಯಾರೂ ಗಾಡಿ ಕೊಡಲಿಲ್ಲ, ನಾ ಅಂದ್ಕೊಂಡಂಗೇ ಆತು. ಕಡೀಗೆ ದೇವದುರ್ಗದಾಗ ಒಬ್ರ ಟ್ರ್ಯಾಕ್ಟರ್ ಸಿಕ್ಕಿತು. ಸಾವ್ಕಾರ್ರು ಹೊಸ ಡ್ರೈವರ್ ಇಟ್ಕೊಂಡ್ರು. ಗಾಡಿ ನಿಂದ್ರೋದು ನಿಲ್ಲಲಿಲ್ಲ. ಅದಕ್ಕ ಬೀಗರು ಏನಂದ್ರು ಗೊತ್ತದೇನು? "ಹಳೇ ಡ್ರೈವರ್ ಕೆಡಿಸಿಟ್ಟು ಹೋಗ್ಯಾನ."

ಮುಂದಿನ ಬ್ಯಾಸಿಗಿಯೊಳಗ ಒಂದಿನ ಟ್ರ್ಯಾಕ್ಟರ್ ತಗೊಂಡು ಸಿರವಾರಕ್ಕ ಹೊಂಟಿದ್ದೆ. ಕಾಲುವಿ ಹತ್ರ, ಮೊದಲನೇ ಸಲ ನಿಂತಿದ್ದ ಅದೇ ಬೇವಿನ ಗಿಡದ ಹತ್ರ, ಹಾಲಿನ ಬಣ್ಣದ ಗಾಡಿ ಬಾನೆಟ್ ಎತ್ಕೊಂಡು ನಿಂತಿತ್ತು. ಸಾವ್ಕಾರ್ರು ಗಿಡದ ಕೆಳಗ. ಹೊಸ ಡ್ರೈವರ್ ಬೆವರು ಒರಸ್ಕೋತ ಪ್ಲಗ್ಗು ಬಿಚ್ಚಾಕತ್ತಿದ್ದ.

ಟ್ರ್ಯಾಕ್ಟರ್ ನಿಲ್ಲಿಸಿದೆ. "ಪ್ಲಗ್ಗು ಬಿಡಪಾ. ಆ ಪಂಪಿನ ಮ್ಯಾಲ ಒದ್ದಿ ಅರವಿ ಹಾಕು" ಅಂದೆ.

ಅವ ಸಾವ್ಕಾರ್ರ ಕಡೆ ನೋಡಿ ಸಣ್ಣ ದನಿಲೆ ಅಂದ: "ಹಾಕಬ್ಯಾಡ ಅಂದಾರಣ್ಣ."

ಸಾವ್ಕಾರ್ರು ನನ್ನ ನೋಡಿದ್ರು. ಆಮ್ಯಾಲ ಕಾಲುವಿ ನೀರು ನೋಡಾಕತ್ರು. ಹರಿಯೋ ನೀರು ಅಷ್ಟು ಸಮೀಪ ಇತ್ರೀ, ಕೈ ಚಾಚಿದ್ರ ಸಿಗೋವಷ್ಟು. ನಾ ಟ್ರ್ಯಾಕ್ಟರ್ ಹತ್ತಿದೆ, ಹೋದೆ.

ಇಷ್ಟೇ ನಂದು. ಈಗ ನಿಮ್ಮದು ಬರೀರಿ. ಯಾವ ಗಾಡಿ, ಎಲ್ಲಿ ನಿಂತಿತು, ಶೋರೂಮಿನವ್ರು ಏನೇನು ಬದಲಿ ಮಾಡಿದ್ರು, ಎಲ್ಲಾ ಬರೀರಿ, ಕೆಳಗ ಜಾಗ ಬಾಳ ಅದ. ಒಂದು ಮಾತ್ರ ಮರೀಬ್ಯಾಡ್ರಿ. ಕಡೀಗೆ ತಪ್ಪು ಯಾರ ತಲಿ ಮ್ಯಾಲ ಬಂತು, ಅದನ್ನ ಬರೀರಿ. ನಿಮ್ಮ ಗಾಡಿಗೆ ಡ್ರೈವರ್ ಇದ್ರ, ಅವನನ್ನೂ ಒಮ್ಮೆ ಕರದು ಕೇಳಿ ಬರೀರಿ.